ಗೋಡೆಲನ ಸಿದ್ಧಾಂತವೂ ಸಾಮಾನ್ಯ ಓದುಗನೂ

ವಿದ್ಯಾವಂತರ ಮಾತುಕತೆಗಳಲ್ಲಿ ಆಗಾಗ ಕೇಳಿಬರುವ ಒಂದು ಮಾತುಂಟು: "ಗಣಿತಶಾಸ್ತ್ರವೂ ಅಪೂರ್ಣವೆಂದು ಗಣಿತಜ್ಞರೇ ತೋರಿಸಿಕೊಟ್ಟಿದ್ದಾರೆ. ಹೀಗಿರುವಾಗ ಇನ್ನಾವ ಶಾಸ್ತ್ರವನ್ನು ತಾನೆ ನಂಬುವುದು?" ಹೀಗೆನ್ನುವವರಲ್ಲಿ ಕೆಲವರು ಅದರಿಂದ ದೇವರ ಮಹಿಮೆಯನ್ನು ಸ್ಥಾಪಿಸಹೊರಡುತ್ತಾರೆ, ಕೆಲವರು ವಿಜ್ಞಾನದ ಸೋಲನ್ನು ಸಾರುತ್ತಾರೆ, ಮತ್ತೆ ಕೆಲವರು ಮನುಷ್ಯನ ಬುದ್ಧಿ ಎಂದೆಂದಿಗೂ ಯಂತ್ರಕ್ಕಿಂತ ಮೇಲೆಂದು ತೀರ್ಪು ಕೊಟ್ಟುಬಿಡುತ್ತಾರೆ. ಇವರೆಲ್ಲರೂ ಸಾಕ್ಷಿಗೆ ಕರೆಯುವ ಹೆಸರು ಒಂದೇ: ಕುರ್ಟ್ ಗೋಡೆಲ್. ಆದರೆ 1931ರಲ್ಲಿ ಆತನು ಪ್ರಕಟಿಸಿದ ಸಿದ್ಧಾಂತವು ನಿಜವಾಗಿ ಏನನ್ನು ಹೇಳುತ್ತದೆ ಎಂದು ಕೇಳಿದರೆ ಉತ್ತರ ಬರುವುದು ಕಷ್ಟ. "ಅದು ತಜ್ಞರ ವಿಷಯ, ನಮಗೆಲ್ಲಿ ತಿಳಿಯಬೇಕು?" ಎಂಬಲ್ಲಿಗೆ ಮಾತು ಮುಗಿಯುತ್ತದೆ.

ಸಾಕ್ಷಿಯ ಹೇಳಿಕೆಯೇ ತಿಳಿಯದೆ ಅವನನ್ನು ಕಟಕಟೆಗೆ ಕರೆಯುವುದು ನ್ಯಾಯವಲ್ಲ. ಆ ಹೇಳಿಕೆ ನಮ್ಮ ಅಳವಿಗೆ ಮೀರಿದುದೆಂದು ಕೈಚೆಲ್ಲುವುದೂ ಸರಿಯಲ್ಲ. ಗೋಡೆಲನ ಸಿದ್ಧಾಂತದ ಪೂರ್ಣವಾದ ಸಾಧನೆ ದೀರ್ಘವೂ ಸೂಕ್ಷ್ಮವೂ ಆದುದು ನಿಜ. ಆದರೆ ಅದರ ನಡುಬೆನ್ನು ಎಲ್ಲಿದೆ, ಅದು ಎಲ್ಲಿ ಬಾಗುತ್ತದೆ, ಯಾವ ನಿಬಂಧನೆಗಳ ಮೇಲೆ ನಿಂತಿದೆ ಎಂಬುದನ್ನು ಗಣಿತವನ್ನು ವೃತ್ತಿಯಾಗಿ ಹಿಡಿಯದವನೂ ತಿಳಿಯಬಹುದು. ಅದಕ್ಕೆ ಬೇಕಾದ ಬಂಡವಾಳವೆಂದರೆ ಗುಣಾಕಾರ ಭಾಗಾಕಾರಗಳ ಪರಿಚಯ, ಒಂದು ಸೀಸದ ಕಡ್ಡಿ, ಮತ್ತು ಅವಸರಪಡದ ಮನಸ್ಸು. ಈ ಭಾಷಣದಲ್ಲಿ ಆ ದಾರಿಯನ್ನು ಹಿಡಿದು ಸ್ವಲ್ಪ ದೂರ ನಡೆಯೋಣ.

ಮೊದಲು ಹಿನ್ನೆಲೆ. ಯೂಕ್ಲಿಡ್ಡನ ಕಾಲದಿಂದಲೂ ಗಣಿತದ ಪದ್ಧತಿ ಒಂದೇ. ಕೆಲವು ಮೂಲಸೂತ್ರಗಳನ್ನು ಮೊದಲಲ್ಲಿ ಒಪ್ಪಿಕೊಳ್ಳುವುದು; ಅವುಗಳಿಂದ ಹೆಜ್ಜೆಹೆಜ್ಜೆಯಾಗಿ ತರ್ಕಮಾಡಿ ಪ್ರಮೇಯಗಳನ್ನು ಪಡೆಯುವುದು. ಶಾಲೆಯ ರೇಖಾಗಣಿತದಲ್ಲಿ ಈ ಹೆಜ್ಜೆಗಳ ಸಾಲಿಗೇ "ಸಾಧನೆ" ಎಂದು ಹೆಸರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಫ್ರೇಗೆ ಎಂಬಾತನು ಅಂಕಗಣಿತವನ್ನೆಲ್ಲ ಶುದ್ಧ ತರ್ಕದ ಮೇಲೆಯೇ ಕಟ್ಟಲು ಹೊರಟನು. ಆ ಗ್ರಂಥದ ಎರಡನೆಯ ಸಂಪುಟ ಅಚ್ಚಿನಲ್ಲಿರುವಾಗ, 1902ರಲ್ಲಿ, ಇಂಗ್ಲೆಂಡಿನ ಬರ್ಟ್ರಂಡ್ ರಸೆಲ್ಲನಿಂದ ಒಂದು ಕಾಗದ ಬಂದಿತು. ಫ್ರೇಗೆಯ ಮೂಲಸೂತ್ರಗಳಿಂದಲೇ ಪರಸ್ಪರ ವಿರುದ್ಧವಾದ ಎರಡು ನಿರ್ಣಯಗಳು ಹುಟ್ಟುತ್ತವೆಯೆಂದು ಅದರಲ್ಲಿ ತೋರಿಸಿತ್ತು.

ರಸೆಲ್ಲನು ಕಂಡ ತೊಡಕನ್ನು ಗ್ರಂಥಭಂಡಾರದ ದೃಷ್ಟಾಂತದಿಂದ ತಿಳಿಯಬಹುದು. ಭಂಡಾರದಲ್ಲಿ ಅನೇಕ ಪುಸ್ತಕಪಟ್ಟಿಗಳಿವೆಯೆನ್ನಿ. ಕೆಲವು ಪಟ್ಟಿಗಳಲ್ಲಿ ತಮ್ಮ ಹೆಸರೂ ಸೇರಿದೆ, ಕೆಲವುಗಳಲ್ಲಿ ಇಲ್ಲ. ತಮ್ಮ ಹೆಸರನ್ನು ತಾವು ಸೇರಿಸಿಕೊಳ್ಳದ ಪಟ್ಟಿಗಳೆಲ್ಲವನ್ನೂ, ಅವನ್ನು ಮಾತ್ರವೇ, ಒಂದು ಹೊಸ ಪಟ್ಟಿಯಲ್ಲಿ ಬರೆಯಿರೆಂದು ಅಧಿಕಾರಿಯು ಆಜ್ಞೆಮಾಡಿದರೆ, ಆ ಹೊಸ ಪಟ್ಟಿಯ ಹೆಸರನ್ನು ಅದರಲ್ಲಿಯೇ ಬರೆಯಬೇಕೆ, ಬಿಡಬೇಕೆ? ಬರೆದರೆ ಬಿಡಬೇಕಾಗುವುದು, ಬಿಟ್ಟರೆ ಬರೆಯಬೇಕಾಗುವುದು. ಭಂಡಾರದ ಗುಮಾಸ್ತನು ಇಂಥ ಪಟ್ಟಿ ಅಸಾಧ್ಯವೆಂದು ಹೇಳಿ ಪಾರಾಗಬಹುದು. ಆದರೆ ಫ್ರೇಗೆಯ ಸೂತ್ರಗಳು ಅಂಥ ಪಟ್ಟಿ ಇದ್ದೇ ಇರಬೇಕೆಂದು ವಿಧಿಸಿದ್ದುವು. ಅಡಿಗಲ್ಲೇ ಅಲುಗಾಡಿದಂತಾಯಿತು.

ಬಿರುಕನ್ನು ಮುಚ್ಚುವ ಯತ್ನಗಳು ಹಲವು ನಡೆದುವು. ರಸೆಲ್ಲನೂ ವೈಟ್‌ಹೆಡ್ಡನೂ ಸೇರಿ 1910ರಿಂದ 1913ರ ವರೆಗೆ ಮೂರು ಸಂಪುಟಗಳ ಒಂದು ಮಹಾಗ್ರಂಥವನ್ನು ಹೊರತಂದರು. ಒಂದಕ್ಕೆ ಒಂದು ಕೂಡಿದರೆ ಎರಡು ಎಂಬುದಕ್ಕೆ ಅಡಿಪಾಯವಾದ ಪ್ರಮೇಯವು ಅದರಲ್ಲಿ ಬರುವುದು 300ಕ್ಕೂ ಹೆಚ್ಚು ಪುಟಗಳು ಕಳೆದ ಮೇಲೆ! ಜರ್ಮನಿಯ ಗಟ್ಟಿಂಗೆನ್ ವಿಶ್ವವಿದ್ಯಾನಿಲಯದ ಡೇವಿಡ್ ಹಿಲ್ಬರ್ಟನ ಯೋಜನೆ ಇನ್ನೂ ಧೀರವಾಗಿತ್ತು. ಗಣಿತದ ವಾಕ್ಯಗಳ ಅರ್ಥವನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಅವನ್ನು ಬರಿಯ ಚಿಹ್ನೆಗಳ ಸಾಲುಗಳೆಂದು ನೋಡೋಣ. ಒಂದು ಸಾಲಿನಿಂದ ಇನ್ನೊಂದಕ್ಕೆ ಹೋಗುವ ನಿಯಮಗಳನ್ನು ಸ್ಪಷ್ಟವಾಗಿ ಬರೆದಿಡೋಣ. ಆಮೇಲೆ ಈ ನಿಯಮಗಳಿಂದ ಎಂದಿಗೂ ವಿರೋಧ ಹುಟ್ಟದೆಂದು ತೋರಿಸೋಣ ಎಂಬುದು ಅವನ ಆಶಯ.

ಇಲ್ಲಿ ಚದುರಂಗದ ಹೋಲಿಕೆ ಉಪಯೋಗಕ್ಕೆ ಬರುತ್ತದೆ. ಒಂದು ಆಟವು ನಿಯಮದಂತೆ ನಡೆಯಿತೇ ಎಂದು ಪರೀಕ್ಷಿಸುವವನು ಆಟದಲ್ಲಿ ಜಾಣನಾಗಿರಬೇಕಾದುದಿಲ್ಲ. ಕುದುರೆ, ಆನೆ, ಮಂತ್ರಿಗಳ ನಡೆ ಗೊತ್ತಿದ್ದರೆ ಸಾಕು. ಹಾಗೆಯೇ ಒಂದು ಸಾಧನೆಯು ಸರಿಯೇ ಎಂದು ನೋಡಲು ಅದರ ಅರ್ಥ ಕೂಡ ತಿಳಿಯಬೇಕಾಗಿಲ್ಲ. ಪ್ರತಿಯೊಂದು ಸಾಲೂ ಮೂಲಸೂತ್ರವೇ, ಇಲ್ಲವೆ ಹಿಂದಿನ ಸಾಲುಗಳಿಂದ ನಿಯಮಾನುಸಾರವಾಗಿ ಬಂದುದೇ ಎಂದು ನೋಡಿದರೆ ತೀರಿತು. ಈ ಕೆಲಸವನ್ನು ಒಂದು ಯಂತ್ರಕ್ಕೂ ಒಪ್ಪಿಸಬಹುದು. ಮುಂದೆ "ಪದ್ಧತಿ" ಎಂದಾಗಲೆಲ್ಲ ಇಂಥ ಮೂಲಸೂತ್ರಗಳ ಮತ್ತು ನಿಯಮಗಳ ಕಟ್ಟನ್ನೇ ಹೇಳುತ್ತಿರುವೆನೆಂದು ಇಟ್ಟುಕೊಳ್ಳಬೇಕು.

1930ರ ಸೆಪ್ಟೆಂಬರಿನಲ್ಲಿ ಆಗಿನ ಪ್ರಷ್ಯದ ಕೋನಿಗ್ಸ್‌ಬರ್ಗ್ ಪಟ್ಟಣದಲ್ಲಿ ಎರಡು ಘಟನೆಗಳು ಒಂದರ ಬೆನ್ನಿಗೆ ಒಂದು ನಡೆದುವು. 8ನೆಯ ತಾರೀಖು 68 ವರ್ಷದ ಹಿಲ್ಬರ್ಟನು ವಿಜ್ಞಾನಿಗಳ ಮತ್ತು ವೈದ್ಯರ ಮಹಾಸಭೆಯಲ್ಲಿ ಮಾತನಾಡಿದನು. ಅದರ ಕೊನೆಯ ಭಾಗವನ್ನು ರೇಡಿಯೋದಲ್ಲಿಯೂ ಪ್ರಸಾರಮಾಡಲಾಯಿತು. ಗಣಿತದಲ್ಲಿ ಅರಿಯಲಾಗದುದೆಂಬುದಿಲ್ಲ, ನಾವು ಅರಿಯಬೇಕು, ಅರಿತೇ ತೀರುವೆವು ಎಂಬುದು ಅವನ ಸಮಾಪ್ತಿವಾಕ್ಯಗಳ ತಾತ್ಪರ್ಯ. ಆ ಧ್ವನಿಮುದ್ರಣ ಇಂದಿಗೂ ಉಳಿದಿದೆ. ಅದರ ಹಿಂದಿನ ದಿನ, ಅದೇ ಊರಿನಲ್ಲಿ, ಬೇರೊಂದು ಚಿಕ್ಕ ಸಮ್ಮೇಳನದ ಕೊನೆಯ ಚರ್ಚೆಯಲ್ಲಿ, ವಿಯೆನ್ನದಿಂದ ಬಂದಿದ್ದ 24 ವರ್ಷದ ಯುವಕನೊಬ್ಬನು ಮೆಲ್ಲನೆ ಒಂದೆರಡು ಮಾತುಗಳನ್ನಾಡಿದ್ದನು. ಅಂಕಗಣಿತವನ್ನು ಒಳಗೊಂಡ ಪದ್ಧತಿಗಳಲ್ಲಿ, ಸತ್ಯವಾಗಿದ್ದರೂ ಆ ಪದ್ಧತಿಯೊಳಗೆ ಸಾಧಿಸಲಾಗದ ವಾಕ್ಯಗಳನ್ನು ತೋರಿಸಬಹುದು ಎಂಬುದು ಅವನ ಮಾತು. ಆ ಯುವಕನೇ ಗೋಡೆಲ್. ಸಭೆಯಲ್ಲಿದ್ದವರ ಪೈಕಿ ಅದರ ಗುರುತ್ವವನ್ನು ಒಡನೆಯೇ ಕಂಡವನು ಜಾನ್ ಫಾನ್ ನಾಯ್‌ಮನ್ ಎಂಬ ಗಣಿತಜ್ಞನು.

ಈಗ ಗೋಡೆಲನ ಯುಕ್ತಿಗೆ ಬರೋಣ. ಅದನ್ನು ಮೂರು ಮೆಟ್ಟಲುಗಳಾಗಿ ವಿಂಗಡಿಸಿಕೊಂಡರೆ ಸಾಮಾನ್ಯ ಓದುಗನಿಗೆ ಹತ್ತುವುದು ಸುಲಭ.

ಮೊದಲನೆಯ ಮೆಟ್ಟಲು, ವಾಕ್ಯಗಳಿಗೆ ಸಂಖ್ಯೆಗಳನ್ನು ಕೊಡುವುದು. ಇದು ನಮಗೆ ತೀರ ಹೊಸದಲ್ಲ. ನಮ್ಮ ಸಂಗೀತಶಾಸ್ತ್ರದಲ್ಲಿ ಕಟಪಯಾದಿ ಸಂಖ್ಯಾಕ್ರಮವನ್ನು ಬಲ್ಲವರು ಧೀರಶಂಕರಾಭರಣವೆಂಬ ಹೆಸರು ಕೇಳಿದೊಡನೆ ಅದು 29ನೆಯ ಮೇಳವೆನ್ನುತ್ತಾರೆ. ಧಕಾರಕ್ಕೆ 9, ರೇಫಕ್ಕೆ 2. ತಿರುಗಿಸಿ ಓದಿದರೆ 29. ಮೇಚಕಲ್ಯಾಣಿಯ ಮಕಾರ ಚಕಾರಗಳು 5 ಮತ್ತು 6, ತಿರುಗಿಸಿದರೆ 65. ಹೆಸರಿನೊಳಗೆ ಸಂಖ್ಯೆ ಅಡಗಿದೆ. ಆದರೆ ಈ ಕ್ರಮದಲ್ಲಿ ಹಿಂದಿರುಗುವ ದಾರಿಯಿಲ್ಲ. 29 ಎಂದಷ್ಟೇ ಹೇಳಿದರೆ "ಧೀರ" ಎಂಬ ಅಕ್ಷರಗಳೇ ಬರಬೇಕೆಂದಿಲ್ಲ; 2 ಎಂಬುದು ಖಕಾರಕ್ಕೂ ಠಕಾರಕ್ಕೂ ಫಕಾರಕ್ಕೂ ಸಲ್ಲುತ್ತದೆ. ಗೋಡೆಲನಿಗೆ ಬೇಕಾಗಿದ್ದುದು ಹೋಗಲೂ ಬರಲೂ ದಾರಿಯಿರುವ ಸಂಖ್ಯಾಕ್ರಮ.

ಅದಕ್ಕೆ ಅವನು ಅವಿಭಾಜ್ಯ ಸಂಖ್ಯೆಗಳನ್ನು, ಎಂದರೆ 2, 3, 5, 7, 11 ಮೊದಲಾದವನ್ನು, ಉಪಯೋಗಿಸಿದನು. ಯಾವ ಸಂಖ್ಯೆಯನ್ನಾದರೂ ಅವಿಭಾಜ್ಯಗಳಾಗಿ ಒಡೆಯುವ ರೀತಿ ಒಂದೇ ಒಂದು ಎಂಬುದು ಪ್ರಾಚೀನರಿಗೂ ತಿಳಿದ ಸಂಗತಿ. ಒಂದು ಪುಟ್ಟ ಉದಾಹರಣೆಯನ್ನು ನಾವೇ ಕಟ್ಟಿಕೊಳ್ಳೋಣ. ನಮ್ಮ ಭಾಷೆಯಲ್ಲಿ ಮೂರೇ ಚಿಹ್ನೆಗಳು: ಸೊನ್ನೆ, "ಮುಂದಿನದು" ಎಂಬುದಕ್ಕೆ "ಮು", ಮತ್ತು ಸಮಚಿಹ್ನೆ. ಇವಕ್ಕೆ ಕ್ರಮವಾಗಿ 1, 2, 3 ಎಂಬ ಗುರುತುಸಂಖ್ಯೆಗಳನ್ನು ಕೊಡೋಣ. "0 = 0" ಎಂಬ ವಾಕ್ಯದ ಗುರುತುಗಳು 1, 3, 1. ಈಗ 2ನ್ನು ಒಂದು ಸಲ, 3ನ್ನು ಮೂರು ಸಲ, 5ನ್ನು ಒಂದು ಸಲ ಗುಣಿಸಬೇಕು: 2 × 27 × 5 = 270. ಇದೇ ಆ ವಾಕ್ಯದ ಸಂಖ್ಯೆ. ಯಾರಾದರೂ ನಮಗೆ 270ನ್ನು ಕೊಟ್ಟರೆ ಅದನ್ನು ಒಡೆದು 1, 3, 1 ಎಂದು ಪಡೆದು, "0 = 0" ಎಂದು ಓದಿಬಿಡಬಹುದು. "ಮು0 = ಮು0", ಎಂದರೆ ಒಂದು ಒಂದಕ್ಕೆ ಸಮ, ಎಂಬ ವಾಕ್ಯದ ಸಂಖ್ಯೆ 808500. ಕೇಳುಗರು ಬಿಡುವಿನಲ್ಲಿ ಇದನ್ನು ಒಡೆದು ನೋಡಬೇಕೆಂದು ಕೋರುತ್ತೇನೆ. ಹತ್ತು ನಿಮಿಷದ ಈ ಲೆಕ್ಕವು ಹತ್ತು ಪುಟಗಳ ವರ್ಣನೆಗಿಂತ ಹೆಚ್ಚು ತಿಳಿವಳಿಕೆ ಕೊಡುತ್ತದೆ. ಒಂದು ಸಾಧನೆಯೆಂದರೆ ವಾಕ್ಯಗಳ ಸಾಲು ಅಷ್ಟೆ. ಇದೇ ರೀತಿಯಲ್ಲಿ ಇಡೀ ಸಾಧನೆಗೂ ಒಂದು ಸಂಖ್ಯೆಯನ್ನು ಕೊಡಬಹುದು. ಅದು ಬಹು ದೊಡ್ಡದಾದೀತು. ಆದರೂ ಅದೊಂದು ಸಂಖ್ಯೆಯೇ.

ಎರಡನೆಯ ಮೆಟ್ಟಲು, ವಾಕ್ಯಗಳನ್ನು ಕುರಿತ ಮಾತನ್ನು ಸಂಖ್ಯೆಗಳನ್ನು ಕುರಿತ ಮಾತಾಗಿ ಮಾರ್ಪಡಿಸುವುದು. "ಈ ವಾಕ್ಯವು ಸೊನ್ನೆಯಿಂದ ಆರಂಭವಾಗುತ್ತದೆ" ಎಂಬುದು ವಾಕ್ಯವನ್ನು ಕುರಿತ ಮಾತು. ನಮ್ಮ ಕ್ರಮದಲ್ಲಿ ಅದಕ್ಕೆ ಸರಿಯಾದ ಲೆಕ್ಕದ ಮಾತು ಏನು? "ಈ ಸಂಖ್ಯೆಯನ್ನು 2 ನಿಶ್ಶೇಷವಾಗಿ ಭಾಗಿಸುತ್ತದೆ, 4 ಭಾಗಿಸುವುದಿಲ್ಲ." 270ಕ್ಕೆ ಇದು ನಿಜ, 808500ಕ್ಕೆ ಅಲ್ಲ, ಏಕೆಂದರೆ ಅದನ್ನು 4 ಭಾಗಿಸುತ್ತದೆ. ನೋಡಿ, ವ್ಯಾಕರಣದ ಪ್ರಶ್ನೆ ಭಾಗಾಕಾರದ ಪ್ರಶ್ನೆಯಾಗಿ ಹೋಯಿತು. ಇದೇ ದಾರಿಯಲ್ಲಿ ಮುಂದೆ ಹೋದರೆ, "ಈ ಸಾಲುಗಳು ಆ ವಾಕ್ಯದ ಸಾಧನೆಯಾಗಿವೆ" ಎಂಬುದು ಕೂಡ ಎರಡು ಸಂಖ್ಯೆಗಳ ನಡುವಣ ಒಂದು ಸಂಬಂಧವಾಗುತ್ತದೆ. ಸಾಧನೆಯ ಪರೀಕ್ಷೆಯು ಯಾಂತ್ರಿಕವಾದುದೆಂದು ಮೊದಲೇ ಹೇಳಿದೆವಷ್ಟೆ. ಯಾಂತ್ರಿಕವಾದ ಪರೀಕ್ಷೆಯನ್ನೆಲ್ಲ ಕೂಡುವಿಕೆ ಗುಣಾಕಾರಗಳಿಂದ ವರ್ಣಿಸಬಹುದು.

ಇದನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದೆನು. ಗೋಡೆಲನು ಅದನ್ನು ಮಾಡಿ ತೋರಿಸಿದನು. ಅವನ ಲೇಖನದಲ್ಲಿ 46 ಲಕ್ಷಣವಾಕ್ಯಗಳ ಒಂದು ಸಾಲಿದೆ. ಮೊದಲನೆಯದು, ಒಂದು ಸಂಖ್ಯೆ ಇನ್ನೊಂದರಿಂದ ಭಾಗವಾಗುವುದೆಂದರೇನು ಎಂಬುದು. ಎರಡನೆಯದು, ಅವಿಭಾಜ್ಯವೆಂದರೇನು ಎಂಬುದು. ಹೀಗೆ ಒಂದರ ಮೇಲೊಂದನ್ನು ಪೇರಿಸುತ್ತ, 45ನೆಯದರಲ್ಲಿ "ಇದು ಅದರ ಸಾಧನೆ" ಎಂಬಲ್ಲಿಗೂ 46ನೆಯದರಲ್ಲಿ "ಇದಕ್ಕೆ ಸಾಧನೆಯುಂಟು" ಎಂಬಲ್ಲಿಗೂ ತಲುಪುತ್ತಾನೆ. ಕೊನೆಯ ಎರಡರ ನಡುವೆ ಮುಖ್ಯವಾದ ಭೇದವುಂಟು. ಕೊಟ್ಟ ಸಾಲುಗಳು ಸಾಧನೆಯೇ ಎಂದು ನೋಡುವುದು ಮುಗಿಯುವ ಕೆಲಸ. ಒಂದು ವಾಕ್ಯಕ್ಕೆ ಸಾಧನೆ ಎಲ್ಲಿಯಾದರೂ ಉಂಟೇ ಎಂದು ಹುಡುಕುವುದು ಮುಗಿಯದೆ ಹೋಗಬಹುದಾದ ಕೆಲಸ.

ಮೂರನೆಯ ಮೆಟ್ಟಲು, ತನ್ನನ್ನೇ ಕುರಿತು ಮಾತನಾಡುವ ವಾಕ್ಯವನ್ನು ಕಟ್ಟುವುದು. "ನಾನು ಈಗ ಹೇಳುತ್ತಿರುವುದು ಸುಳ್ಳು" ಎಂಬ ಗ್ರೀಕರ ಕಾಲದ ಒಗಟು ಪ್ರಸಿದ್ಧವಾದುದು. ಆದರೆ ಅಂಕಗಣಿತದ ಭಾಷೆಯಲ್ಲಿ "ನಾನು" ಎಂಬ ಪದವೂ ಇಲ್ಲ, "ಈ ವಾಕ್ಯ" ಎಂದು ಬೆರಳಿಟ್ಟು ತೋರಿಸುವ ಉಪಾಯವೂ ಇಲ್ಲ. ಹಾಗಾದರೆ ವಾಕ್ಯವು ತನ್ನನ್ನು ಹೇಗೆ ಹೆಸರಿಸಬೇಕು? ಅಮೆರಿಕದ ತರ್ಕಶಾಸ್ತ್ರಜ್ಞ ಕ್ವೈನ್ ಇಂಗ್ಲಿಷಿನಲ್ಲಿ ಹೊಂದಿಸಿದ ಒಂದು ಯುಕ್ತಿ ಕನ್ನಡದಲ್ಲಿಯೂ ಚೆನ್ನಾಗಿ ಕೂಡಿಬರುತ್ತದೆ. ಉದ್ಧರಿಸಿದ ಮಾತಿನ ಬಳಿಕ "ಎಂಬ" ಎಂದು ಬರುವ ನಮ್ಮ ಭಾಷೆಯ ಸ್ವಭಾವ ಅದಕ್ಕೆ ಅನುಕೂಲವಾಗಿಯೇ ಇದೆ. ಈ ವಾಕ್ಯವನ್ನು ನಿಧಾನವಾಗಿ ನೋಡಿ:

"ಎಂಬ ಮಾತಿಗೆ ಮುಂಚೆ ಅದೇ ಮಾತನ್ನು ಉದ್ಧರಣಚಿಹ್ನೆಯೊಳಗೆ ಬರೆದರೆ ಆಗುವ ವಾಕ್ಯಕ್ಕೆ ಸಾಧನೆಯಿಲ್ಲ" ಎಂಬ ಮಾತಿಗೆ ಮುಂಚೆ ಅದೇ ಮಾತನ್ನು ಉದ್ಧರಣಚಿಹ್ನೆಯೊಳಗೆ ಬರೆದರೆ ಆಗುವ ವಾಕ್ಯಕ್ಕೆ ಸಾಧನೆಯಿಲ್ಲ.

ಇದು ಒಂದು ಅಪ್ಪಣೆಯನ್ನು ಕೊಡುತ್ತದೆ: ಇಂಥ ಮಾತನ್ನು ತೆಗೆದುಕೊ, ಅದರ ಮುಂಚೆ ಅದನ್ನೇ ಉದ್ಧರಿಸಿ ಬರೆ, ಹಾಗೆ ಆದ ವಾಕ್ಯಕ್ಕೆ ಸಾಧನೆಯಿಲ್ಲ, ಎಂದು. ಆ ಅಪ್ಪಣೆಯಂತೆ ಕಾಗದದ ಮೇಲೆ ಬರೆದು ನೋಡಿದರೆ, ಆಗುವ ವಾಕ್ಯವು ಮೇಲಣ ವಾಕ್ಯವೇ! "ಈ" ಎಂಬ ಸರ್ವನಾಮವಿಲ್ಲದೆಯೇ ಅದು ತನ್ನನ್ನು ಹೆಸರಿಸಿತು. ಗೋಡೆಲನು ಇದೇ ಕೆಲಸವನ್ನು ಉದ್ಧರಣಚಿಹ್ನೆಗೆ ಬದಲಾಗಿ ಸಂಖ್ಯೆಗಳಿಂದ ಮಾಡಿದನು. ಅವನು ಕಟ್ಟಿದ ವಾಕ್ಯವನ್ನು ಹೊರಗಿನಿಂದ ನೋಡಿದರೆ, ಇಂಥ ಗುಣವುಳ್ಳ ಸಂಖ್ಯೆಯಿಲ್ಲ ಎನ್ನುವ ಶುದ್ಧ ಲೆಕ್ಕದ ಮಾತು. ಸಂಖ್ಯಾಕ್ರಮವನ್ನು ಬಲ್ಲವನು ಓದಿದರೆ, "ನನಗೆ ಈ ಪದ್ಧತಿಯಲ್ಲಿ ಸಾಧನೆಯಿಲ್ಲ" ಎಂದು ಅದೇ ವಾಕ್ಯವು ಹೇಳುತ್ತದೆ.

ಇಲ್ಲಿಂದ ಮುಂದಿನ ತರ್ಕವು ನಾಲ್ಕು ಹೆಜ್ಜೆ ಮಾತ್ರ. ನಮ್ಮ ಪದ್ಧತಿಯು ಸುಳ್ಳನ್ನು ಸಾಧಿಸತಕ್ಕದ್ದಲ್ಲ ಎಂದಿಟ್ಟುಕೊಳ್ಳೋಣ. ಈ ವಾಕ್ಯಕ್ಕೆ ಸಾಧನೆಯಿದ್ದಿತಾದರೆ, "ಸಾಧನೆಯಿಲ್ಲ" ಎನ್ನುವ ಅದರ ಮಾತು ಸುಳ್ಳಾಗುತ್ತದೆ. ಪದ್ಧತಿಯು ಸುಳ್ಳನ್ನು ಸಾಧಿಸಿದಂತಾಗುತ್ತದೆ. ಆದುದರಿಂದ ಅದಕ್ಕೆ ಸಾಧನೆಯಿಲ್ಲ. ಆದರೆ ವಾಕ್ಯವು ಹೇಳುವುದೂ ಅದನ್ನೇ. ಎಂದಮೇಲೆ ವಾಕ್ಯವು ಸತ್ಯ. ಅದು ಸತ್ಯವಾದುದರಿಂದ ಅದರ ನಿಷೇಧವು ಸುಳ್ಳು. ಸುಳ್ಳಿಗೂ ಇಲ್ಲಿ ಸಾಧನೆಯಿಲ್ಲ. ಹೀಗೆ ಆ ವಾಕ್ಯವನ್ನಾಗಲಿ ಅದರ ನಿಷೇಧವನ್ನಾಗಲಿ ಪದ್ಧತಿಯು ನಿರ್ಣಯಿಸಲಾರದು. ಹಳೆಯ ಒಗಟಿಗೂ ಇದಕ್ಕೂ ಇರುವ ಭೇದವನ್ನು ಗಮನಿಸಬೇಕು. "ನಾನು ಸುಳ್ಳು" ಎಂಬ ವಾಕ್ಯವು ಸತ್ಯವೂ ಆಗಲಾರದೆ ಸುಳ್ಳೂ ಆಗಲಾರದೆ ತೊಳಲುತ್ತದೆ. "ನನಗೆ ಸಾಧನೆಯಿಲ್ಲ" ಎಂಬುದಕ್ಕೆ ಆ ತೊಳಲಾಟವಿಲ್ಲ. ಅದು ನಿರಾತಂಕವಾಗಿ ಸತ್ಯವಾಗಿದೆ. ಸತ್ಯ ಬೇರೆ, ಸಾಧಿತ ಬೇರೆ ಎಂಬ ವಿವೇಕವೇ ಇಡೀ ಸಿದ್ಧಾಂತದ ಕೀಲಿಕೈ.

ಆ ವಾಕ್ಯವನ್ನೇ ಹೊಸ ಮೂಲಸೂತ್ರವಾಗಿ ಸೇರಿಸಿಕೊಂಡರಾಗದೇ ಎಂದು ಕೇಳಬಹುದು. ಆಗಬಹುದು. ಆದರೆ ಆಗ ಪದ್ಧತಿಯೇ ಬೇರೆಯಾಯಿತು. ಹೊಸ ಪದ್ಧತಿಗೆ ಅದರದೇ ಆದ ಹೊಸ ವಾಕ್ಯವೊಂದು ಹುಟ್ಟುತ್ತದೆ. ಅದೇ ಲೇಖನದ ಎರಡನೆಯ ಸಿದ್ಧಾಂತವು ಹಿಲ್ಬರ್ಟನ ಯೋಜನೆಯ ಹೃದಯಕ್ಕೇ ತಾಕಿತು. ಮೇಲಣ ತರ್ಕವನ್ನು ಪದ್ಧತಿಯೊಳಗೇ ನಡೆಸಬಹುದಾದುದರಿಂದ, ಪದ್ಧತಿಯು "ನನ್ನಲ್ಲಿ ವಿರೋಧವಿಲ್ಲ" ಎಂಬುದನ್ನು ಸಾಧಿಸುವಂತಿದ್ದರೆ ಆ ನಿರ್ಣಯಾತೀತ ವಾಕ್ಯವನ್ನೂ ಸಾಧಿಸಿಬಿಡುತ್ತಿತ್ತು. ಅದು ಅಸಾಧ್ಯ. ಆದುದರಿಂದ ವಿರೋಧರಹಿತವಾದ ಇಂಥ ಪದ್ಧತಿಯು ತನ್ನ ನಿರ್ವಿರೋಧತೆಗೆ ತಾನೇ ಜಾಮೀನು ನಿಲ್ಲಲಾರದು.

ಇಷ್ಟನ್ನು ಗ್ರಹಿಸಿದ ಮೇಲೆ ನಿಬಂಧನೆಗಳಿಗೆ ಬರಬೇಕು. ಸಾಮಾನ್ಯ ಓದುಗನು ಜಾರುವುದು ಯುಕ್ತಿಯ ಕಠಿನತೆಯಿಂದಲ್ಲ. ನಿಬಂಧನೆಗಳನ್ನು ಬಿಟ್ಟು ಸಿದ್ಧಾಂತವನ್ನು ನೆನಪಿಡುವುದರಿಂದ. ನಿಬಂಧನೆಗಳು ಮೂರು. ಪದ್ಧತಿಯಲ್ಲಿ ವಿರೋಧವಿರಬಾರದು. ಅದರ ಮೂಲಸೂತ್ರಗಳು ಯಾವುವು, ಯಾವುವು ಅಲ್ಲ ಎಂಬುದನ್ನು ಯಾಂತ್ರಿಕವಾಗಿ ಗುರುತಿಸಲು ಬರಬೇಕು. ಸಂಖ್ಯೆಗಳ ಕೂಡುವಿಕೆ ಮತ್ತು ಗುಣಾಕಾರಗಳ ವಿಷಯದಲ್ಲಿ ಅದಕ್ಕೆ ಸಾಕಷ್ಟು ಬಲವಿರಬೇಕು. ವಿರೋಧವಿಲ್ಲದಿರುವುದಕ್ಕಿಂತ ಸ್ವಲ್ಪ ಹೆಚ್ಚಿನದನ್ನು ಗೋಡೆಲನು ಬೇಡಿದ್ದನು. ಅಷ್ಟು ಬೇಕಾಗಿಲ್ಲವೆಂದು 1936ರಲ್ಲಿ ರಾಸರ್ ಎಂಬಾತನು ತೋರಿಸಿದನು.

ಈ ಮೂರನೆಯ ನಿಬಂಧನೆಯನ್ನು ತೆಗೆದುಬಿಟ್ಟರೆ ಏನಾಗುತ್ತದೆಂಬುದು ಮನಗಾಣತಕ್ಕ ಸಂಗತಿ. ಗುಣಾಕಾರವನ್ನು ಬಿಟ್ಟು ಕೂಡುವಿಕೆಯನ್ನು ಮಾತ್ರ ಇಟ್ಟುಕೊಂಡ ಅಂಕಗಣಿತವು ಪೂರ್ಣವಾದುದೆಂದು, ಅದರಲ್ಲಿ ಪ್ರತಿಯೊಂದು ಪ್ರಶ್ನೆಗೂ ನಿರ್ಣಯವುಂಟೆಂದು, 1929ರಲ್ಲಿಯೇ ಪ್ರೆಸ್‌ಬುರ್ಗರ್ ಎಂಬ ಪೋಲೆಂಡಿನ ವಿದ್ಯಾರ್ಥಿಯು ಸಾಧಿಸಿದ್ದನು. ಯೂಕ್ಲಿಡ್ಡನ ರೇಖಾಗಣಿತದ ಪ್ರಾಥಮಿಕ ಭಾಗಕ್ಕೂ ಇಂಥದೇ ಪೂರ್ಣತೆಯಿದೆಯೆಂದು ಟಾರ್ಸ್ಕಿಯು ತೋರಿಸಿದನು. "ಗಣಿತವೆಲ್ಲವೂ ಅಪೂರ್ಣ" ಎನ್ನುವವರಿಗೆ ಈ ಎರಡು ಉದಾಹರಣೆಗಳೇ ಉತ್ತರ. ಗೋಡೆಲನೇ 1929ರ ತನ್ನ ಪ್ರಬಂಧದಲ್ಲಿ ತರ್ಕದ ನಿಯಮಗಳ ಒಂದು ಮುಖ್ಯ ವರ್ಗಕ್ಕೆ ಪೂರ್ಣತೆಯನ್ನು ಸಾಧಿಸಿದ್ದನೆಂಬುದನ್ನು ಅವನ ಹೆಸರು ಹೇಳುವವರು ಬಹಳ ಮಂದಿ ಮರೆತಿರುತ್ತಾರೆ.

"ಸಾಧಿಸಲಾಗದು" ಎಂದರೆ "ಎಂದಿಗೂ ತಿಳಿಯಲಾಗದು" ಎಂದೂ ಅರ್ಥವಲ್ಲ. ಇದಕ್ಕೆ ಕೈಯಿಂದ ಮಾಡಿ ನೋಡಬಹುದಾದ ಒಂದು ದೃಷ್ಟಾಂತವಿದೆ. ಒಂದು ಸಂಖ್ಯೆಯನ್ನು 2ರ ಘಾತಗಳಾಗಿ, ಘಾತಾಂಕಗಳನ್ನೂ ಸಹ 2ರಿಂದಲೇ, ಬರೆಯಿರಿ. ಅದರಲ್ಲಿ 2 ಇರುವೆಡೆಯಲ್ಲೆಲ್ಲ 3ನ್ನು ಹಾಕಿ, ಬಂದುದರಲ್ಲಿ 1ನ್ನು ಕಳೆಯಿರಿ. ಬಂದ ಸಂಖ್ಯೆಯನ್ನು 3ರ ಘಾತಗಳಾಗಿ ಬರೆದು, 3ಕ್ಕೆ ಬದಲು 4ನ್ನು ಹಾಕಿ, ಮತ್ತೆ 1ನ್ನು ಕಳೆಯಿರಿ. ಹೀಗೆಯೇ ಮುಂದುವರಿಸಿ. 3ರಿಂದ ಹೊರಟರೆ 3, 3, 3, 2, 1, 0 ಎಂದು ಬೇಗನೆ ಮುಗಿಯುತ್ತದೆ. 4ರಿಂದ ಹೊರಟರೆ 4, 26, 41, 60, 83 ಎಂದು ಏರುತ್ತ ಹೋಗುತ್ತದೆ. ಇದು ಎಂದಾದರೂ ಇಳಿದೀತೆ? ಇಳಿಯುತ್ತದೆ. ಯಾವ ಸಂಖ್ಯೆಯಿಂದ ಹೊರಟರೂ ಕೊನೆಗೆ ಸೊನ್ನೆಗೇ ಬರುತ್ತದೆಯೆಂದು 1944ರಲ್ಲಿ ಇಂಗ್ಲೆಂಡಿನ ಗುಡ್‌ಸ್ಟೀನ್ ಸಾಧಿಸಿದನು. 4ರಿಂದ ಹೊರಟವನು ಸೊನ್ನೆಯನ್ನು ಸೇರಲು ಬೇಕಾದ ಹೆಜ್ಜೆಗಳ ಸಂಖ್ಯೆಯನ್ನು ಬರೆಯುವುದಕ್ಕೇ 12 ಕೋಟಿಗೂ ಮೀರಿದ ಅಂಕಿಗಳು ಬೇಕು!

ಈ ಪ್ರಮೇಯವನ್ನು ಪೀಯಾನೊ ಎಂಬ ಇಟಲಿಯ ಗಣಿತಜ್ಞನ ಹೆಸರಿನಿಂದ ಪ್ರಸಿದ್ಧವಾದ ಅಂಕಗಣಿತದ ಪದ್ಧತಿಯೊಳಗೆ ಸಾಧಿಸಲಾಗದೆಂದು 1982ರಲ್ಲಿ ಕರ್ಬಿ ಮತ್ತು ಪ್ಯಾರಿಸ್ ಎಂಬಿಬ್ಬರು ತೋರಿಸಿದರು. ಆದರೂ ಅದು ಸತ್ಯವೆಂದು ನಾವು ಬಲ್ಲೆವು; ಏಕೆಂದರೆ ಗುಡ್‌ಸ್ಟೀನನು ಅನಂತವನ್ನು ಕುರಿತ ಹೆಚ್ಚು ಬಲವಾದ ಸಾಧನಗಳಿಂದ ಅದನ್ನು ಸಾಧಿಸಿದ್ದಾನೆ. ಇಂತೆಯೇ ಅಂಕಗಣಿತದ ನಿರ್ವಿರೋಧತೆಯನ್ನು ಗೆಂಟ್ಸೆನ್ ಎಂಬಾತನು 1936ರಲ್ಲಿ ಅದರ ಹೊರಗಿನ ಒಂದು ತತ್ತ್ವದ ಬಲದಿಂದ ಸಾಧಿಸಿದನು. ಒಂದು ಏಣಿಗೆ ಎಟುಕದುದು ಇನ್ನೊಂದಕ್ಕೆ ಎಟುಕಬಹುದು. ಎಲ್ಲಕ್ಕೂ ಎಟುಕುವ ಒಂದೇ ಏಣಿಯಿಲ್ಲವೆಂಬುದೇ ಗೋಡೆಲನ ಮಾತು.

ಗಣಕಯಂತ್ರಗಳು ಮನೆಮನೆಗೂ ಬಂದಿರುವ ಈ ಕಾಲದಲ್ಲಿ ಈ ವಿಷಯವು ಬರಿಯ ಪಂಡಿತರ ವಿನೋದವಲ್ಲ. 1936ರಲ್ಲಿ ಆಲನ್ ಟ್ಯೂರಿಂಗನು ಇದಕ್ಕೆ ಹತ್ತಿರದ ಯುಕ್ತಿಯಿಂದ, ಯಾವ ಯಂತ್ರದ ಲೆಕ್ಕ ಮುಗಿಯುತ್ತದೆ, ಯಾವುದು ಮುಗಿಯುವುದಿಲ್ಲ ಎಂದು ಎಲ್ಲ ಸಂದರ್ಭಗಳಲ್ಲಿಯೂ ತಪ್ಪದೆ ಹೇಳಬಲ್ಲ ಯಂತ್ರವಿಧಾನವು ಇರಲಾರದು ಎಂಬ ತತ್ತ್ವಕ್ಕೆ ಅಡಿಪಾಯ ಹಾಕಿದನು. ಯಂತ್ರವು ಎಲ್ಲ ಪ್ರಶ್ನೆಗಳನ್ನೂ ಬಿಡಿಸೀತೆಂದು ಹೇಳುವವರನ್ನು ಇದು ತಡೆಯುತ್ತದೆ. ಇದರಿಂದಲೇ ಮನುಷ್ಯನ ಮನಸ್ಸು ಯಂತ್ರವಲ್ಲವೆಂದು ಸಿದ್ಧವಾಯಿತು ಎನ್ನುವವರೂ ಉಂಟು. 1961ರಲ್ಲಿ ಲ್ಯೂಕಸ್ ಎಂಬ ಆಂಗ್ಲ ತತ್ತ್ವಜ್ಞನು ಈ ವಾದವನ್ನು ಮುಂದಿಟ್ಟನು. ಅದಕ್ಕೆ ಬಂದ ಆಕ್ಷೇಪವನ್ನು ನಾವೂ ತೂಗಿನೋಡಬಲ್ಲೆವು. ಆ ವಾಕ್ಯವು ಸತ್ಯವೆಂದು ನಾವು ಕಂಡುದು, ಪದ್ಧತಿಯು ಸುಳ್ಳಾಡುವುದಿಲ್ಲ ಎಂದು ಮೊದಲೇ ಒಪ್ಪಿಕೊಂಡುದರಿಂದ. ಬಹು ಜಟಿಲವಾದ ಒಂದು ಪದ್ಧತಿಯ ವಿಷಯದಲ್ಲಿ ಅದನ್ನು ನಾವು ಹೇಗೆ ಬಲ್ಲೆವು? ಈ ಪ್ರಶ್ನೆಗೆ ತೃಪ್ತಿಕರವಾದ ಉತ್ತರ ದೊರೆತ ಹೊರತು ವಾದವು ನಿಲ್ಲುವುದಿಲ್ಲ.

ಇನ್ನು ಅಭ್ಯಾಸದ ರೀತಿಯನ್ನು ಕುರಿತು ಎರಡು ಮಾತು. ಕಠಿನವಾದ ಶಾಸ್ತ್ರವಿಷಯವನ್ನು ತಜ್ಞನಲ್ಲದವನು ಕಾದಂಬರಿಯಂತೆ ಓದಿದರೆ ಹೆಸರುಗಳು ಮಾತ್ರ ಉಳಿಯುತ್ತವೆ. ಒಂದು ಪುಟಕ್ಕೆ ಒಂದು ಸಂಜೆಯೆಂದು ಇಟ್ಟುಕೊಂಡು, ಚಿಕ್ಕ ಸಂಖ್ಯೆಗಳಲ್ಲಿ ಪ್ರತಿಯೊಂದನ್ನೂ ಮಾಡಿ ನೋಡಬೇಕು. ತಿಳಿದುದನ್ನು ಮನೆಯವರಿಗೋ ಗೆಳೆಯರಿಗೋ ನಮ್ಮ ಮಾತಿನಲ್ಲಿ ಹೇಳಿನೋಡಬೇಕು. ಎಲ್ಲಿ ನಾಲಗೆ ತಡೆಯುತ್ತದೆಯೋ ಅಲ್ಲಿಯೇ ತಿಳಿವಳಿಕೆಯೂ ತಡೆದಿರುತ್ತದೆ. ಯಾವುದನ್ನು ತಾನು ಪರೀಕ್ಷಿಸಿದ್ದೇನೆ, ಯಾವುದನ್ನು ತಜ್ಞರ ಮೇಲಿನ ನಂಬಿಕೆಯಿಂದ ಒಪ್ಪಿದ್ದೇನೆ ಎಂಬ ಲೆಕ್ಕವನ್ನು ಪ್ರಾಮಾಣಿಕವಾಗಿ ಇಡಬೇಕು. ಇಂದಿನ ಭಾಷಣದಲ್ಲಿ 270ರ ಲೆಕ್ಕ ನೀವೇ ಮಾಡಿದುದು. 46 ಲಕ್ಷಣವಾಕ್ಯಗಳು ಸರಿಯಾಗಿ ಕೂಡಿಬರುತ್ತವೆಂಬುದು ನಂಬಿಕೆಯಿಂದ ಒಪ್ಪಿದುದು. ಹೀಗೆ ನಂಬುವುದರಲ್ಲಿ ನಾಚಿಕೆಯೇನೂ ಇಲ್ಲ. ಎರಡನ್ನೂ ಒಂದೇ ಎಂದು ಭಾವಿಸಿದರೆ ಮಾತ್ರ ಕೆಡಕು. ಮುಂದೆ ಹೋಗಬಯಸುವವರಿಗೆ ನಾಗೆಲ್ ಮತ್ತು ನ್ಯೂಮನ್ ಎಂಬವರು 1958ರಲ್ಲಿ ಈ ಸಾಧನೆಯನ್ನೇ ಕುರಿತು ಸಾಮಾನ್ಯರಿಗಾಗಿ ಬರೆದ ಚಿಕ್ಕ ಇಂಗ್ಲಿಷ್ ಪುಸ್ತಕವು ಒಳ್ಳೆಯ ಜೊತೆಗಾರನಾದೀತು.

ಇನ್ನು ಮೇಲೆ ಯಾರಾದರೂ ಗೋಡೆಲನ ಹೆಸರು ಹೇಳಿ ಯಾವುದಾದರೊಂದು ಮತವನ್ನು ಸ್ಥಾಪಿಸಹೊರಟರೆ, ವಿನಯದಿಂದಲೇ ಮೂರು ಪ್ರಶ್ನೆಗಳನ್ನು ಕೇಳಬಹುದು. ತಾವು ಹೇಳುವುದು ಯಾವ ಪದ್ಧತಿಯ ವಿಷಯ? ಅದರಲ್ಲಿ ಆ ಮೂರು ನಿಬಂಧನೆಗಳೂ ಉಂಟೆ? ತಾವು ಹೇಳುತ್ತಿರುವುದು ಸತ್ಯವನ್ನು ಕುರಿತೋ, ಸಾಧನೆಯನ್ನು ಕುರಿತೋ? ಧರ್ಮವನ್ನಾಗಲಿ ರಾಜ್ಯನೀತಿಯನ್ನಾಗಲಿ ಕುರಿತ ವಾದವಾದರೆ ಮೊದಲನೆಯ ಪ್ರಶ್ನೆಯಲ್ಲಿಯೇ ನಿಂತುಹೋಗುವುದು. ಗಣಿತವನ್ನು ಕುರಿತ ವಾದವಾದರೆ ಮೂರನೆಯದರ ವರೆಗೂ ಹೋಗಿ ಅಲ್ಲಿ ಒಳ್ಳೆಯ ಸಂಭಾಷಣೆ ಆರಂಭವಾಗಬಹುದು. ಆ ಸಂಭಾಷಣೆಯಲ್ಲಿ ಭಾಗವಹಿಸಲು ಪದವಿಪತ್ರ ಬೇಕಾಗಿಲ್ಲ. ಒಂದು ಸಂಜೆ ಸೀಸದ ಕಡ್ಡಿ ಹಿಡಿದು 808500ನ್ನು ಒಡೆದು ನೋಡಿದವನಿಗೆ ಅದರಲ್ಲಿ ಸ್ಥಾನವುಂಟು.